ವೇಷ ತೊಟ್ಟು ಕೈ ಎತ್ತಿ ನೋಡಿ

ಮಗಳ ಭುಜದ ಕವಚ ಒಡೆದದ್ದು ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ. ಕಾಮಿಕ್ಸ್, ಕಾರ್ಟೂನ್ ಪಾತ್ರಗಳ ವೇಷ ತೊಟ್ಟು, ಅಂದರೆ ಕಾಸ್‌ಪ್ಲೇ ಮಾಡಿ, ಜನ ಸೇರುವ ಕಾಮಿಕ್ ಕಾನ್‌ಗೆ ಹೊರಟಿದ್ದೆವು. ಚೀಲದಲ್ಲಿ ಹಿಡಿಸುವುದಿಲ್ಲವೆಂದು ತೊಟ್ಟುಕೊಂಡೇ ಬಂದಿದ್ದಳು. ಬ್ಯಾಗ್ ಹೆಗಲಿಗೇರಿಸಲು ಕೈ ಎತ್ತಿದಳು, ಅಷ್ಟೇ. ಅಂಟು ಹಾಕಿದ ಗೆರೆಯುದ್ದಕ್ಕೂ ಫೋಮ್ ಬಾಯಿಬಿಟ್ಟಿತು. ಮೂರು ವಾರ ನಿದ್ದೆಗೆಟ್ಟು ಮಾಡಿದ್ದು. ಅವಳು ಅಳಲಿಲ್ಲ, ನನಗೇ ಕಣ್ಣು ತುಂಬಿತು.

ಅದನ್ನು ಮಾಡಲು ಕಲಿತದ್ದು ಅಂಧೇರಿ ಕಡೆಯ ಒಂದು ವರ್ಕ್‌ಶಾಪಿನಲ್ಲಿ. ಮೂರು ಗಂಟೆಯ ಪಾಠ. ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆ, ತಲೆ ಸಿಡಿಯುವ ಅಂಟಿನ ವಾಸನೆ. ಎಲ್ಲರ ಅಳತೆಯನ್ನೂ ಕೈ ಇಳಿಬಿಟ್ಟು ನಿಂತಾಗಲೇ ತೆಗೆದರು. ಒಮ್ಮೆ ಕೂತು ನೋಡಿ, ಬಗ್ಗಿ ನೋಡಿ ಅಂತ ಒಬ್ಬರೂ ಹೇಳಲಿಲ್ಲ. ಕೊನೆಗೆ ಫೋಟೋ ತೆಗೆಸಿ ಕಳಿಸಿದರು.

ನನ್ನ ತಕರಾರು ಇದು: ವೇಷ ಮಾಡುವುದನ್ನು ಒಂದು ಕಡೆ, ವೇಷದಲ್ಲಿ ನಡೆಯುವುದನ್ನು ಇನ್ನೊಂದು ಕಡೆ ಕಲಿಸಿದರೆ ಎರಡೂ ಅರೆಬರೆ. ಒಂದೇ ಕೋಣೆಯಲ್ಲಿ, ಅದೇ ದಿನ ಕಲಿಸಬೇಕು.

ಇದು ನನಗೆ ಹೊಳೆದದ್ದು ಚೌಕಿಯಲ್ಲಿ, ಅಂದರೆ ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಊರಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ಹಾಗೆ ಬಂದ ಒಂದು ತಂಡದ ಆಟ ಮಾಟುಂಗದಲ್ಲಿತ್ತು. ಅದರಲ್ಲಿ ನಮ್ಮೂರ ಕಡೆಯ ಹಿರಿಯ ವೇಷಧಾರಿಯೊಬ್ಬರಿದ್ದರು. ಮಗಳು ಒಡೆದ ತುಂಡನ್ನು ಅವರ ಕೈಗಿಟ್ಟಳು.

“ಎಲ್ಲಿ, ಕೈ ಎತ್ತು ನೋಡುವ.”

ಎತ್ತಿದಳು.

“ಭುಜ ಎಲ್ಲಿಗೆ ಬಂತು? ಕಿವಿ ಹತ್ರ ಬಂತಲ್ಲ. ನಿನ್ನ ಈ ಕವಚಕ್ಕೆ ಅದು ಗೊತ್ತೇ ಇಲ್ಲ ಮಗಾ.”

ಆಮೇಲೆ ತಮ್ಮ ಭುಜಕೀರ್ತಿ ತೋರಿಸಿದರು. ಹಗುರ ಮರ, ಮೇಲೆ ಬೇಗಡೆ, ಕನ್ನಡಿ ಚೂರು. ಮೈಗೆ ಕಟ್ಟುವುದು ದಾರದಿಂದ. ಕಟ್ಟುವಾಗ ಪಕ್ಕದಲ್ಲಿದ್ದ ಹುಡುಗ ದಾರ ಎಳೆಯುತ್ತಿದ್ದ, ಅವರು ಎದೆಯುಬ್ಬಿಸಿ ಉಸಿರು ತುಂಬಿಕೊಂಡೇ ನಿಂತಿದ್ದರು. ಉಸಿರು ಬಿಟ್ಟು ನಿಂತು ಕಟ್ಟಿಸಿಕೊಂಡರೆ ಧಿಗಿಣದ, ಅಂದರೆ ಹಾರಿ ಸುತ್ತುವ ಕುಣಿತದ ಹೊತ್ತಿಗೆ ಉಸಿರೇ ಸಿಗುವುದಿಲ್ಲವಂತೆ. ಇಂಥದ್ದನ್ನು ಯಾವ ವರ್ಕ್‌ಶಾಪು ಹೇಳಿಕೊಡುತ್ತದೆ?

ಮನೆಗೆ ಬಂದು ಮತ್ತೆ ಮಾಡಿದೆವು. ಈ ಸಲ 10 ಮಿ.ಮೀ. ಫೋಮನ್ನು ಎರಡು ತುಂಡು ಮಾಡಿ, ಒಂದರ ಮೇಲೊಂದು ಜಾರುವಂತೆ ಒಳಗೆ ಎಲಾಸ್ಟಿಕ್ ಪಟ್ಟಿ ಕೊಟ್ಟೆವು. ಹೀಟ್ ಗನ್ ಹಿಡಿದಾಗ ಫೋಮಿನ ಮೇಲ್ಮೈ ಸಣ್ಣಗೆ ಹೊಳಪಿಗೆ ತಿರುಗುತ್ತದೆ. ರಂಧ್ರ ಮುಚ್ಚಿದ ಗುರುತು ಅದು, ಆಮೇಲೆ ಬಣ್ಣ ಹೀರುವುದಿಲ್ಲ. ರಬ್ಬರ್ ಅಂಟನ್ನು ಎರಡೂ ಅಂಚಿಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರುವವರೆಗೆ ಕಾದು, ಆಮೇಲೆ ಒತ್ತಬೇಕು. ಅವಸರ ಮಾಡಿದರೆ ಮತ್ತೆ ಅಲ್ಲೇ ಬಿಡುತ್ತದೆ. ಆರಿದ ಮೇಲೆ ಅದನ್ನು ತೊಟ್ಟು, ಸ್ಟೂಲ್ ಹತ್ತಿ, ಅಟ್ಟದಿಂದ ಹಪ್ಪಳದ ಡಬ್ಬ ಇಳಿಸಿದಳು. ಏನೂ ಆಗಲಿಲ್ಲ!

ಕಾಸ್‌ಪ್ಲೇ ಎಂದರೆ ಈಗಿನ ಮಕ್ಕಳ ಹುಚ್ಚು ಅನ್ನುವವರಿಗೆ ಒಂದು ಮಾತು. 1939ರಲ್ಲಿ ನ್ಯೂಯಾರ್ಕಿನ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಮಿರ್ಟಲ್ ಡಗ್ಲಸ್ ಎಂಬಾಕೆ ತನಗೂ ಗೆಳೆಯ ಫಾರೆಸ್ಟ್ ಆಕರ್‌ಮನ್‌ಗೂ ಭವಿಷ್ಯದ ಕಾಲದ ಉಡುಪು ಹೊಲಿದು, ತೊಟ್ಟುಕೊಂಡೇ ಬಂದಿದ್ದರು. ಹೊಲಿದವಳೇ ತೊಟ್ಟು ಓಡಾಡಿದ್ದು. ನನಗೆ ಮುಖ್ಯ ಅನಿಸುವುದು ಅದೇ.

ಯಕ್ಷಗಾನದ ವೇಷವನ್ನು ಕಾರ್ಟೂನಿಗೆ ಸೇರಿಸುತ್ತೀರಾ ಎಂದು ನಮ್ಮ ಹಿರಿಯರೊಬ್ಬರು ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಚೌಕಿಯಲ್ಲಿ ಗಣಪತಿಗೆ ಕೈಮುಗಿದು ಬಣ್ಣಕ್ಕೆ ಕೂರುವವರು ಅವರು. ನಾನು ಕಿರೀಟ ಕೇಳುತ್ತಿಲ್ಲ. ಭಾರ ಹೊತ್ತು ಹೇಗೆ ತಿರುಗಬೇಕು, ಎಲ್ಲಿ ಬಿಗಿ, ಎಲ್ಲಿ ಸಡಿಲ, ಇಷ್ಟನ್ನು ಕಲಿಸಿ ಎಂದು ಕೇಳುತ್ತಿದ್ದೇನೆ. ಕಲಿಸಿದವರಿಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಬಾರದು. ಒಂದು ಆಟಕ್ಕೆ ಎಷ್ಟು ಸಂಭಾವನೆಯೋ ಅಷ್ಟು ಕೊಡಬೇಕು.

ಮುಂಬೈಯ ಯಾವುದಾದರೂ ಕನ್ನಡ ಸಂಘದವರು ಇದನ್ನು ಓದುತ್ತಿದ್ದರೆ, ಒಂದು ಭಾನುವಾರ ಬೆಳಿಗ್ಗೆ ಹಾಲ್ ಕೊಡಿ. ಫೋಮ್, ಹೀಟ್ ಗನ್, ಮಾಸ್ಕ್ ನಾವು ತರುತ್ತೇವೆ. ಕಿಟಕಿ ತೆರೆಯುವಂಥ ಹಾಲ್ ಆಗಿರಲಿ.