ಚಿಲ್ರೆ ಇಜ್ಜಾ?

ಮಂಗಳೂರಿನ ಕೊಟ್ಟಾರದಲ್ಲಿ ಸಿಟಿ ಬಸ್ಸು ಹತ್ತಿದರೆ ಸೀಟು ಸಿಗುವ ಆಸೆ ಇಟ್ಟುಕೊಳ್ಳಬಾರದು. ಸುರತ್ಕಲ್ಲಿನಲ್ಲಿ ಹತ್ತಿದವರು ಆಗಲೇ ಕಿಟಕಿಗೆ ಒರಗಿ ಒಂದು ನಿದ್ದೆ ಮುಗಿಸಿರುತ್ತಾರೆ. ಮಳೆಗಾಲದಲ್ಲಂತೂ ಒಂದು ಕೈಯಲ್ಲಿ ನೀರಿಳಿಯುವ ಕೊಡೆ, ಇನ್ನೊಂದು ಕೈ ಮೇಲಿನ ಕಂಬಿಗೆ. ಬ್ಯಾಗು ಹೆಗಲಿನಿಂದ ಜಾರಿ ಮೊಣಕೈಗೆ ಬಂದಿರುತ್ತದೆ. ಸರಿಯಾಗಿ ಆಗಲೇ ಕಂಡಕ್ಟರ್ ಎದುರು ನಿಲ್ಲುತ್ತಾರೆ. "ಸ್ಕ್ಯಾನ್ ಮಾಡ್ತೇನೆ" ಎಂದು ಜಂಬದಿಂದ ಹೇಳಿಬಿಡುತ್ತೇನೆ. ಮೊಬೈಲು ತೆಗೆಯಲು ಮೂರನೇ ಕೈ ಬೇಕು ಅಂತ ಹೊಳೆಯುವುದು ಆಮೇಲೆ.

ಕಂಡಕ್ಟರ್ ಕೈಯನ್ನು ನೋಡಬೇಕು. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿರುತ್ತಾರೆ. ಹತ್ತು ಒಂದು ಸಂದಿಗೆ, ಇಪ್ಪತ್ತು ಇನ್ನೊಂದಕ್ಕೆ. ಬಸ್ಸು ಗಕ್ಕನೆ ನಿಂತರೂ ಒಂದೂ ಬೀಳುವುದಿಲ್ಲ. ಒಂದು ನಾಣ್ಯದಿಂದ ಕಂಬಿಗೆ ಟಣಟಣ ಬಡಿದು, "ಚಿಲ್ರೆ ಇಜ್ಜಾ?" ಎಂದು, ಅಂದರೆ ಚಿಲ್ಲರೆ ಇಲ್ವಾ ಎಂದು, ತುಳುವಿನಲ್ಲಿ ಕೇಳುವ ಧಾಟಿ ಹೇಗಿರುತ್ತದೆ ಅಂದರೆ, ನಾವು ಮನೆಯಲ್ಲಿ ನಾಣ್ಯ ಅಚ್ಚು ಹಾಕಿಯೂ ಬಚ್ಚಿಟ್ಟಿದ್ದೇವೆ ಅನ್ನುವ ಹಾಗೆ.

ಉಳಿದದ್ದು ಮೂರು ರೂಪಾಯಿ ಅಂತ ಇಟ್ಟುಕೊಳ್ಳಿ. "ಇಳಿಯುವಾಗ ಕೊಡ್ತೇನೆ" ಅನ್ನುತ್ತಾರೆ. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಲೇಡಿಹಿಲ್ ಬಂದದ್ದು, ಲಾಲ್‌ಬಾಗ್ ದಾಟಿದ್ದು ಯಾವುದೂ ಗೊತ್ತಾಗುವುದಿಲ್ಲ, ಕಣ್ಣೆಲ್ಲ ಆ ಖಾಕಿ ಬೆನ್ನಿನ ಮೇಲೆ. ಕೇಳಿದರೆ ಜಿಪುಣ ಅಂದಾರು. ಕೇಳದೆ ಇಳಿದರೆ ರಾತ್ರಿ ಊಟಕ್ಕೆ ಕೂತಾಗ ಆ ಮೂರು ರೂಪಾಯಿ ನೆನಪಾಗುತ್ತದೆ. ಯುಪಿಐ ಬಂದ ಮೇಲೆ ನನಗಾದ ದೊಡ್ಡ ಲಾಭ ಇದೇ. 17 ಅಂದರೆ 17. ಯಾರ ಬೆನ್ನನ್ನೂ ಕಾಯಬೇಕಿಲ್ಲ.

ಹಾಗೆ ನೋಡಿದರೆ ನಮ್ಮ ಜಿಲ್ಲೆಗಳಿಗೆ ಚಿಲ್ಲರೆಯ ತಾಪತ್ರಯ ಇರಲೇಬಾರದಿತ್ತು. ಕೆನರಾ ಬ್ಯಾಂಕ್ 1906ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕಿನವರು 1928ರಲ್ಲೇ ಪಿಗ್ಮಿ ಎಂಬ ಸಣ್ಣ ಉಳಿತಾಯ ಶುರುಮಾಡಿ, ದಿನಕ್ಕೆ 2 ಆಣೆಯಂತೆ ಮನೆ ಬಾಗಿಲಿಗೇ ಹೋಗಿ ಒಟ್ಟುಮಾಡಿದರು. ಬಸ್ಸು ಕೊನೆಗೆ ಹೋಗಿ ನಿಲ್ಲುವ ಜಾಗದ ಹೆಸರೂ ಸ್ಟೇಟ್ ಬ್ಯಾಂಕ್! ಆದರೂ ಆ ಬಸ್ಸಿನೊಳಗೆ ಎರಡು ರೂಪಾಯಿಗೆ ಬರಗಾಲ.

ಸಿಟಿ ಬಸ್ಸಿಗೆ ಚಲೋ ಕಾರ್ಡೂ ಬಂತು. ಮೊದಲೇ ದುಡ್ಡು ತುಂಬಿಸಿಟ್ಟು ಟಿಕೆಟ್ ಮೆಷಿನ್ನಿಗೆ ತಾಗಿಸಿದರೆ ಮುಗಿಯಿತು. ನಿಂತವರಿಗೆ ಕಾರ್ಡೇ ವಾಸಿ, ಸ್ಕ್ಯಾನ್ ಮಾಡುವುದೆಲ್ಲ ಕೂತವರ ವೈಭೋಗ. ನನ್ನ ಹೆಂಡತಿಯ ಲೆಕ್ಕ ಬೇರೆ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ನಿಜವಾದ ಕ್ಯಾಶ್‌ಲೆಸ್ ಅಂದರೆ ಅದು ಅನ್ನುತ್ತಾಳೆ. ನಮ್ಮ ದಾರಿಯಲ್ಲಿ ಓಡುವುದೆಲ್ಲ ಪ್ರೈವೇಟ್ ಬಸ್ಸು ಅನ್ನುವುದಷ್ಟೇ ಅವಳ ಸಂಕಟ.

ಮೊನ್ನೆ ಪುಣ್ಯಕ್ಕೆ ಸೀಟು ಸಿಕ್ಕಿತ್ತು. ಕಂಡಕ್ಟರ್ ಕತ್ತಿನಲ್ಲಿ ನೇತಾಡುತ್ತಿದ್ದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದೆ. ಬಸ್ಸು ಕುಲುಕಿ ಮೊದಲು ಅವರ ಅಂಗಿಯ ಗುಂಡಿ ಸ್ಕ್ಯಾನ್ ಆಯಿತು. ಆಮೇಲೆ ಪಿನ್ ಒತ್ತಿದೆ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಹಿಂದಿನಿಂದ ಯಾರೋ ಕೆಮ್ಮಿದರು.

"ನೆಟ್‌ವರ್ಕ್ ಇಲ್ಲ ಅಣ್ಣ" ಎಂದೆ.

ಅವರು ಬಗ್ಗಿ ನನ್ನ ಮೊಬೈಲಿನ ಹಿಂಬದಿ ನೋಡಿದರು. ಪಾರದರ್ಶಕ ಕವರಿನೊಳಗೆ, ಆಪತ್ತಿಗೆ ಇರಲಿ ಅಂತ ನಾನು ಮಡಚಿಟ್ಟು ಮರೆತಿದ್ದ ಇಪ್ಪತ್ತರ ನೋಟು.

"ಮೊಬೈಲಲ್ಲೇ ದುಡ್ಡಿದೆಯಲ್ಲ ಮಾರಾಯ್ರೆ, ಕೊಡಿ" ಎಂದರು. ಕೊಟ್ಟೆ.

"ಮೂರು ರೂಪಾಯಿ ಇಳಿಯುವಾಗ ಕೊಡ್ತೇನೆ."