ವಾರದ ಲೆಕ್ಕ ಬ್ಯಾಡ್ರಿ, ತಿಂಗಳ ಲೆಕ್ಕ ಹಾಕ್ರಿ

ಐಟಿ ಕಂಪನಿಯ ನಿಯಮ: ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ. ಯಲಹಂಕದಲ್ಲೋ ಬನಶಂಕರಿಯಲ್ಲೋ ಮನೆ ಇದ್ದವರಿಗೆ ಇದು ಸಣ್ಣದಾದರೂ ಒಂದು ಸಡಿಲಿಕೆ. ವಿಜಯಪುರದ ಮನೆಯಲ್ಲಿ ಕೂತು ಕೆಲಸ ಮಾಡುವ ಹುಡುಗಿಗೆ ಇದು ಐದೂ ದಿನ ಬಾ ಅಂದಂತೆಯೇ. ಗುರುವಾರ ಸಂಜೆ ಬೆಂಗಳೂರು ಬಿಟ್ಟು, ಸುಮಾರು 500 ಕಿ.ಮೀ. ದಾಟಿ ಊರು ಮುಟ್ಟಿ, ಸೋಮವಾರ ರಾತ್ರಿ ಮತ್ತೆ ಗಾಡಿ ಹತ್ತುವುದನ್ನು ಯಾರೂ ವರ್ಷವಿಡೀ ಮಾಡಲಾರರು. ಕಡೆಗೆ ಬೆಂಗಳೂರಿನಲ್ಲಿ ಕೋಣೆ ಹಿಡಿಯಲೇಬೇಕು. ಹಿಡಿದ ಮೇಲೆ ಆ ಎರಡು ದಿನದ ‘ಮನೆ’ ಅಂದರೆ ಪಿಜಿಯ ಮಂಚ, ತೊಡೆಯ ಮೇಲೆ ಲ್ಯಾಪ್‌ಟಾಪ್.

ಮನೆಯೋ ಆಫೀಸೋ ಎಂಬ ಜಗಳದಲ್ಲಿ ಎಲ್ಲರೂ ದಿನದ ಸಂಖ್ಯೆ ಹಿಡಿದು ಜಗ್ಗಾಡುತ್ತಿದ್ದಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಆ ದಿನಗಳನ್ನು ವಾರದ ಮೇಲೆ ಎಣಿಸುತ್ತೀರೋ, ತಿಂಗಳ ಮೇಲೋ?

ಸುದ್ದಿಯಲ್ಲಿ ಬಂದ ನಿಯಮಗಳನ್ನೇ ಪಕ್ಕಪಕ್ಕ ಇಟ್ಟು ನೋಡ್ರಿ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ಐದೂ ದಿನ ಕರೆಯಿತು, 2024ರಲ್ಲಿ ಹಾಜರಿಯನ್ನು ವೇರಿಯಬಲ್ ಪೇಗೆ (ಸಂಬಳದಲ್ಲಿ ಏರಿಳಿಯುವ ಭಾಗಕ್ಕೆ) ಕಟ್ಟಿತು. ವಿಪ್ರೊ 2023ರ ನವೆಂಬರ್ 15ರಿಂದ ವಾರಕ್ಕೆ ಮೂರು ದಿನ ಅಂದಿತು. ಇನ್ಫೋಸಿಸ್ 2025ರ ಮಾರ್ಚ್ 10ರಿಂದ ಒಂದು ಹಂತದವರೆಗಿನ ನೌಕರರಿಗೆ ತಿಂಗಳಿಗೆ 10 ದಿನ ಅಂದಿತು. ವಾರಕ್ಕೆ ಮೂರು ಅಂದರೆ ತಿಂಗಳಿಗೆ 12, ಒಮ್ಮೊಮ್ಮೆ 13. ಹತ್ತಕ್ಕೂ ಹನ್ನೆರಡಕ್ಕೂ ಎರಡೇ ದಿನದ ಫರಕು. ಆದರೆ ನಮ್ಮ ಕಡೆಯವರ ಬದುಕಿನಲ್ಲಿ ಆ ಎರಡು ನಿಯಮಗಳ ನಡುವೆ ಒಂದು ಬಾಡಿಗೆ ಮನೆಯಷ್ಟು ಅಂತರವಿದೆ.

ತಿಂಗಳ ಲೆಕ್ಕವಿದ್ದರೆ ಹತ್ತೂ ದಿನ ಒಟ್ಟಿಗೆ ಎರಡು ವಾರದಲ್ಲಿ ಮುಗಿಯುತ್ತವೆ. ಜೂನ್ ತಿಂಗಳ ಕೊನೆಯ ಎರಡು ವಾರಕ್ಕೆ ಜುಲೈನ ಮೊದಲ ಎರಡು ವಾರ ಜೋಡಿಸಿದರೆ ಎರಡು ತಿಂಗಳ ಹಾಜರಿ ಒಂದೇ ಪ್ರಯಾಣದಲ್ಲಿ ತೀರಿತು. ಆಮೇಲೆ ಆಗಸ್ಟ್ ನಡುವಿನ ತನಕ ಊರು. ವರ್ಷಕ್ಕೆ ಆರು ಸಲ ಹೋಗಿಬಂದರೆ ಸಾಕು. ವಾರದ ಲೆಕ್ಕದಲ್ಲಿ ಇದೇ ಮನುಷ್ಯ ಐವತ್ತು ಸಲ ಓಡಾಡಬೇಕು. ಎಡವುವ ಜಾಗ ಒಂದಿದೆ: ತಿಂಗಳ ಕೊನೆಯ ಹತ್ತೇ ದಿನ ಹಿಡಿದು ಹೊರಟು, ನಡುವೆ ಎರಡು ದಿನ ಜ್ವರ ಬಂದರೆ ತುಂಬಿಕೊಳ್ಳಲು ದಿನವೇ ಉಳಿದಿರುವುದಿಲ್ಲ. ಹಬ್ಬದ ರಜೆ ಕಳೆದು 12 ಕೆಲಸದ ದಿನ ಕೈಯಲ್ಲಿರುವಂತೆ ಹೊರಡ್ರಿ. ಒಳಗೆ ಹೋದದ್ದರ ಜೊತೆಗೆ ಇದ್ದ ತಾಸುಗಳನ್ನೂ ಎಣಿಸುವ ಸ್ವೈಪ್ ವ್ಯವಸ್ಥೆ ಇದ್ದರೆ, ಗಾಡಿ ಇಳಿದು ಮಧ್ಯಾಹ್ನ ಹೋದ ದಿನ ಪೂರ್ತಿ ದಿನವಾಗಿ ದಾಖಲಾಗುವುದಿಲ್ಲ. ಬೆಳಗಾವಿಗೆ 2025ರ ಆಗಸ್ಟ್ 10ರಿಂದ ವಂದೇ ಭಾರತ್ ಬಂದಿದೆ, ಸುಮಾರು ಎಂಟೂವರೆ ತಾಸಿನ ಹಾದಿ. ನಸುಕಿನಲ್ಲಿ ಬಿಟ್ಟರೂ ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ. ಸೋಮವಾರದ ಹಾಜರಿಗೆ ರವಿವಾರವೇ ಹೊರಡಬೇಕು.

ಆಫೀಸೇ ಬೇಡ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಈಗಷ್ಟೇ ಇಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಮೊದಲ ಒಂದು ವರ್ಷ ಆಫೀಸಿಗೆ ಹೋಗಲೇಬೇಕು. ಬಿಲ್ಡ್ (ಕೋಡ್ ಜೋಡಿಸಿ ತಂತ್ರಾಂಶ ಕಟ್ಟುವ ಹಂತ) ಯಾಕೆ ಒಡೆಯಿತು ಅನ್ನುವ ಐದು ನಿಮಿಷದ ಸಂಶಯ ಚಾಟ್‌ನಲ್ಲಿ ಅರ್ಧ ದಿನ ಕಾಯುತ್ತದೆ. ಎರಡನೇ ಸಲ ಕೇಳಲು ಹೊಸಬರು ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಮೂರನೇ ದಿನ ಅದೇ ತಪ್ಪು ಟೆಸ್ಟಿಂಗ್‌ನಲ್ಲಿ ಸಿಕ್ಕಿಬೀಳುತ್ತದೆ. ಪಕ್ಕದಲ್ಲಿ ಕೂತ ಹಿರಿಯರು ಲಾಗ್ ಫೈಲ್ ತೆಗೆದು ಎಲ್ಲಿಂದ ಓದಲು ಶುರು ಮಾಡುತ್ತಾರೆ ಅನ್ನುವುದನ್ನು ಯಾವ ಟ್ರೇನಿಂಗ್ ವಿಡಿಯೊ ಕೂಡ ಕಲಿಸುವುದಿಲ್ಲ.

ಚೀನಾದ ಸಿಟ್ರಿಪ್ ಎಂಬ ಪ್ರವಾಸಿ ಕಂಪನಿಯಲ್ಲಿ 2010–11ರಲ್ಲಿ ನಡೆದ ಪ್ರಯೋಗವನ್ನು ಎರಡೂ ಕಡೆಯವರು ತಮಗೆ ಬೇಕಾದಷ್ಟೇ ಹೇಳುತ್ತಾರೆ. ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿದ ಕಾಲ್ ಸೆಂಟರ್ ನೌಕರರ ಕೆಲಸ ಶೇ 13ರಷ್ಟು ಹೆಚ್ಚಿತು, ಇದು ನಿಜ. ಒಂಬತ್ತು ತಿಂಗಳ ನಂತರ ಅವರಲ್ಲಿ ಸುಮಾರು ಅರ್ಧದಷ್ಟು ಜನ ಒಂಟಿತನ ತಾಳದೆ ಆಫೀಸಿಗೆ ಮರಳಿದರು, ಇದೂ ನಿಜ. ಹೆಚ್ಚಿನವರು ಬಿಡುವ ಸಂಗತಿ ಇನ್ನೊಂದಿದೆ: ಸ್ವಂತ ಕೋಣೆ, ಬ್ರಾಡ್‌ಬ್ಯಾಂಡ್, ಕಂಪನಿಯಲ್ಲಿ ಕನಿಷ್ಠ 6 ತಿಂಗಳ ಅನುಭವ, ಈ ಮೂರೂ ಇದ್ದವರನ್ನು ಮಾತ್ರ ಆ ಪ್ರಯೋಗಕ್ಕೆ ತೆಗೆದುಕೊಂಡಿದ್ದರು. ಮುಂದೆ ಅದೇ ಕಂಪನಿಯಲ್ಲಿ 1,612 ಜನರ ಮೇಲೆ, ಮೂರು ದಿನ ಆಫೀಸು ಎರಡು ದಿನ ಮನೆ ಎಂಬ ಪದ್ಧತಿಯಲ್ಲಿ ನಡೆದ ಅಧ್ಯಯನ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕೆಲಸದ ಗುಣಮಟ್ಟ ಕುಗ್ಗಲಿಲ್ಲ, ನೌಕರಿ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು.

ಹಾಗಾಗಿ ಊರಲ್ಲಿ ಒಂದು ತಿಂಗಳು ಕೂತು ಕೆಲಸ ಮಾಡುತ್ತೇನೆ ಅನ್ನುವವರು ಮೊದಲು ಮನೆಯನ್ನು ಸರಿ ಮಾಡಿಕೊಳ್ಳಬೇಕು. ಕಾಲ್ ನಡುವೆ ಮೂರು ಸಲ ಮಾಯವಾದರೆ ಸಾಕು, ಮ್ಯಾನೇಜರ್ ತಲೆಯಲ್ಲಿ ‘ಊರಲ್ಲಿದ್ದಾರೆ’ ಎಂಬ ಮಾತು ಅಚ್ಚೊತ್ತಿಬಿಡುತ್ತದೆ. ಆಮೇಲೆ ನೀವು ಎಷ್ಟು ಚೆನ್ನಾಗಿ ಮಾಡಿದರೂ ಅದು ಅಳಿಸುವುದಿಲ್ಲ.

ಕರೆಂಟಿನ ಲೆಕ್ಕ ಹೀಗೆ. ಲ್ಯಾಪ್‌ಟಾಪ್ 65 ವ್ಯಾಟ್, 24 ಇಂಚಿನ ಮಾನಿಟರ್ 25, ಫೈಬರ್ ಪೆಟ್ಟಿಗೆ ಮತ್ತು ರೂಟರ್ ಸೇರಿ 20, ಒಂದು ಎಲ್‌ಇಡಿ 10, ಹಳೆಯ ಸೀಲಿಂಗ್ ಫ್ಯಾನ್ 75. ಒಟ್ಟು 195. ಫ್ಯಾನ್ ತೆಗೆದು, ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಹಾಕಿದರೆ 150ಕ್ಕೆ ಇಳಿಯುತ್ತದೆ. 150 ಎಎಚ್‌ನ 12 ವೋಲ್ಟಿನ ಒಂದು ಟ್ಯೂಬ್ಯುಲರ್ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ (150 × 12) 1,800 ವ್ಯಾಟ್-ಅವರ್ ಇರುತ್ತದೆ. ನಷ್ಟ ಕಳೆದು, ತೀರಾ ಬರಿದಾಗಲು ಬಿಡದೆ ಬಳಸಿದರೆ ಕೈಗೆ ಬರುವುದು 1,100ರ ಆಸುಪಾಸು. ಹಳೆಯ ಫ್ಯಾನ್ ಇದ್ದರೆ ಐದೂವರೆ ತಾಸು, ಹೊಸದಾದರೆ ಏಳು ತಾಸು. ಕರೆಂಟ್ ಕಂಪನಿ ಹೆಸ್ಕಾಂ ದುರಸ್ತಿಗೆಂದು ಹಗಲೆಲ್ಲ ಲೈನ್ ತೆಗೆಯುವ ದಿನ ಈ ಒಂದೂವರೆ ತಾಸೇ ನಿಮ್ಮನ್ನು ದಾಟಿಸುವುದು. ಆ ಸೂಚನೆ ಪತ್ರಿಕೆಯಲ್ಲಿ ಮೊದಲೇ ಬರುತ್ತದೆ, ನೋಡಿಟ್ಟುಕೊಳ್ಳಿರಿ. ಖಾಲಿಯಾದ ಬ್ಯಾಟರಿ ಪೂರ್ತಿ ತುಂಬಲು 10–12 ತಾಸು ಬೇಕು. ಮರುದಿನ ಬೆಳಿಗ್ಗೆಯೂ ಕರೆಂಟ್ ಹೋದರೆ ಬ್ಯಾಟರಿ ಪೂರ್ತಿ ತುಂಬಿರಲಿಕ್ಕಿಲ್ಲ ಅಂತ ತಿಳಿಯಿರಿ.

ಇನ್ವರ್ಟರ್ ಹಿಂದೆ ಯುಪಿಎಸ್, ಇಕೋ ಎಂಬ ಒಂದು ಸ್ವಿಚ್ಚಿರುತ್ತದೆ. ಇಕೋದಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ಒಂದು ಚಣ ತಡ. ಫ್ಯಾನಿಗೆ ಅದು ಗೊತ್ತೇ ಆಗದು, ರೂಟರ್ ಮಾತ್ರ ಆರಿ ಹೊತ್ತಿ ಮತ್ತೆ ಲೈನ್ ಹಿಡಿಯಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಹಾಗಂತ ಯುಪಿಎಸ್ ಮೋಡ್‌ಗೆ ಹಾಕಿದರೆ ಇನ್ನೊಂದು ತೊಂದರೆ: ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಇಳಿದರೆ ಕರೆಂಟ್ ಇದ್ದಾಗಲೂ ಬ್ಯಾಟರಿಯನ್ನೇ ತಿನ್ನುತ್ತದೆ. ಹಳ್ಳಿಗಳಲ್ಲಿ ಪಂಪ್‌ಸೆಟ್ ಶುರುವಾದ ಹೊತ್ತಿಗೆ ಇದು ದಿನಾ ನಡೆಯುವ ಸಂಗತಿ. ಅದಕ್ಕೆ ಇನ್ವರ್ಟರನ್ನು ಇಕೋದಲ್ಲೇ ಬಿಟ್ಟು, ರೂಟರಿಗೆ ಪ್ರತ್ಯೇಕವಾಗಿ 12 ವೋಲ್ಟಿನ ಸಣ್ಣ ಯುಪಿಎಸ್ ಕೊಡುವುದೇ ಸರಿ. ಕೊಳ್ಳುವ ಮೊದಲು ರೂಟರಿನ ಅಡಿಯಲ್ಲಿರುವ ಚೀಟಿ ಓದಿರಿ. 12 ವೋಲ್ಟ್ 2 ಆಂಪಿಯರ್ ಬೇಡುವ ಪೆಟ್ಟಿಗೆಗೆ 1 ಆಂಪಿಯರಿನದು ಹಾಕಿದರೆ ಪದೇಪದೇ ರೀಸ್ಟಾರ್ಟ್ ಆಗುತ್ತದೆ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಬ್ಯಾಟರಿಯ ನೀರನ್ನು ತಿಂಗಳಿಗೊಮ್ಮೆ ನೋಡಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕ್ರಿ. ನಮ್ಮ ಬೋರಿನ ನೀರಿನ ಲವಣ ಪ್ಲೇಟುಗಳನ್ನೇ ಕೊಲ್ಲುತ್ತದೆ.

ಇನ್ನು ಲೈನ್. ಮನೆಯಲ್ಲಿ ಕರೆಂಟ್ ಇದ್ದೂ ಇಂಟರ್ನೆಟ್ ಸತ್ತರೆ, ಬಹಳ ಸಲ ಓಣಿಯ ಕಂಬದ ಮೇಲಿನ ಕೇಬಲ್‌ನವರ ಸ್ವಿಚ್ ಪೆಟ್ಟಿಗೆಗೆ ಕರೆಂಟ್ ಇರುವುದಿಲ್ಲ. ಜಿಪಾನ್ ಎಂಬ ಬಗೆಯ ಫೈಬರಿನಲ್ಲಿ, ಬೆಳಕನ್ನು ಮನೆಮನೆಗೆ ಹಂಚುವ ನಡುದಾರಿಯ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಹಾಕಿಸುವ ಮೊದಲೇ ಕೇಳ್ರಿ, ಕಂಬದ ಮೇಲೆ ಕರೆಂಟಿನ ಅಡಾಪ್ಟರ್ ಇದೆಯೋ ಇಲ್ಲವೋ ಅಂತ. ಹುಡುಗ ಬಂದು ಜೋಡಿಸಿದ ದಿನ ಬೆಳಕಿನ ಮಟ್ಟ ಅಳೆದು ತೋರಿಸಲು ಹೇಳ್ರಿ. ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ) ಹತ್ತಿರ ಇದ್ದರೆ ಚೆಂದ, ಮೈನಸ್ 27 ಡಿಬಿಎಂ ಮುಟ್ಟಿದ್ದರೆ ಮೊದಲ ಮಳೆಗೇ ಕೆಂಪು ದೀಪ ಉರಿಯುತ್ತದೆ. ಬಾಗಿಲ ಸಂದಿಯಲ್ಲಿ ತೂರಿಸಿ, ಮೊಳೆಗೆ ಸುತ್ತಿ ಬಗ್ಗಿಸಿದ ತಂತಿಯಲ್ಲಿ ಅರ್ಧ ಬೆಳಕು ಅಲ್ಲೇ ಸೋರಿಹೋಗುತ್ತದೆ. ಖಾನಾಪುರದ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಲೈನೇ ಇಲ್ಲ, ಆಗ ಬೇರೆ ಕಂಪನಿಯ ಸಿಮ್ ಬೇಕು. ಫೈಬರ್ ಯಾರದೋ ಸಿಮ್ಮೂ ಅವರದೇ ಆದರೆ ಎರಡೂ ಒಟ್ಟಿಗೆ ಹೋಗುವ ಅಪಾಯವಿದೆ. ವಿಡಿಯೊ ಹಾಕಿದ ಒಂದು ತಾಸಿನ ಮೀಟಿಂಗ್ ಸುಮಾರು 1 ಜಿಬಿ ತಿನ್ನುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಮಧ್ಯಾಹ್ನದೊಳಗೆ ಖಾಲಿ.

ಹಳೆಯ ಕಲ್ಲುಮಣ್ಣಿನ ಮನೆಗಳ ದಪ್ಪ ಗೋಡೆ ವೈಫೈಯನ್ನು ದಾಟಗೊಡುವುದಿಲ್ಲ. ಪಡಸಾಲೆಯಲ್ಲಿ ರೂಟರ್, ಒಳಕೋಣೆಯಲ್ಲಿ ನೀವು ಅಂದರೆ ಕ್ಯಾಟ್ 6 ಕೇಬಲ್ ಎಳೆಯುವುದೇ ದಾರಿ; 100 ಮೀಟರ್ ತನಕ ಚಿಂತೆಯಿಲ್ಲ. ಆದರೆ ಏಪ್ರಿಲ್‌ನಲ್ಲಿ ಅದೇ ಮಣ್ಣಿನ ಮಾಳಿಗೆಯ ಕೋಣೆ ತಂಪಾಗಿರುತ್ತದೆ. ಆರ್‌ಸಿಸಿ ಸ್ಲ್ಯಾಬಿನ ಮೇಲ್ಮನೆಯಲ್ಲಿ ಮಧ್ಯಾಹ್ನ ಮೂರಕ್ಕೆ ಲ್ಯಾಪ್‌ಟಾಪ್ ಕಾದು ತಾನೇ ನಿಧಾನವಾಗುತ್ತದೆ.

ದುಡ್ಡಿನಲ್ಲಿ ಒಂದೇ ಎಚ್ಚರ ಹೇಳುತ್ತೇನೆ. ಸ್ವಂತ ಮನೆಯಲ್ಲಿದ್ದು ಬೆಂಗಳೂರಿನ ಬಾಡಿಗೆ ರಸೀದಿ ಕೊಟ್ಟು ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿ ಪಡೆಯುವುದು ಸುಳ್ಳು ಲೆಕ್ಕ. ಅಪ್ಪ ಅಮ್ಮನ ಹೆಸರಿನ ಮನೆಗೆ ನಿಜವಾಗಿ ಬ್ಯಾಂಕ್ ಮೂಲಕ ಬಾಡಿಗೆ ಕೊಟ್ಟರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಅದು ನಡೆಯುತ್ತದೆ. ವರ್ಷಕ್ಕೆ 1 ಲಕ್ಷ ದಾಟಿದರೆ ಅವರ ಪ್ಯಾನ್ ಕೊಡಬೇಕು, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ.

ಹೆರಿಗೆ ರಜೆ 26 ವಾರಕ್ಕೆ ಏರಿದ 2017ರ ತಿದ್ದುಪಡಿಯಲ್ಲೇ ಇನ್ನೊಂದು ಮಾತೂ ಸೇರಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಇದೆ: ಕೆಲಸದ ಸ್ವರೂಪ ಒಪ್ಪಿದರೆ, ರಜೆ ಮುಗಿದ ಮೇಲೆ ತಾಯಿ ಮತ್ತು ಕಂಪನಿ ಮಾತಾಡಿಕೊಂಡು ಮನೆಯಿಂದ ಕೆಲಸ ಗೊತ್ತು ಮಾಡಿಕೊಳ್ಳಬಹುದು. ಕಂಪನಿ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಆದರೂ ಕೇಳುವಾಗ ಅದನ್ನು ಹೆಸರಿಸಿ ಕೇಳ್ರಿ, ನಮ್ಮ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದವರು ನೌಕರಿಯನ್ನೇ ಬಿಟ್ಟುಬಿಡುವುದು ನೋಡಲಾಗುವುದಿಲ್ಲ.

ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಯೋಜನೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯನ್ನು ಒಂದು ಗುಂಪಾಗಿ ಹೆಸರಿಸಿದೆ. ಇನ್ಫೋಸಿಸ್ 2024ರಲ್ಲಿ ಹುಬ್ಬಳ್ಳಿ ಕ್ಯಾಂಪಸ್ಸಿಗೆ ಬರುವವರಿಗೆ ಪ್ರೋತ್ಸಾಹಧನವನ್ನೂ ಘೋಷಿಸಿತ್ತು. ಒಳ್ಳೆಯದೇ, ಆದರೆ ವಿಜಯಪುರ ಜಿಲ್ಲೆಯ ಇಂಡಿಯಿಂದ, ಮುದ್ದೇಬಿಹಾಳದಿಂದ ಹುಬ್ಬಳ್ಳಿಯೂ ದಿನಾ ಹೋಗಿಬರುವ ಊರಲ್ಲ. ಬಾಗಲಕೋಟೆಯ ನವನಗರದಲ್ಲಿ ಒಂದು, ವಿಜಯಪುರದಲ್ಲಿ ಒಂದು, 20 ಮೇಜಿನ ಕೆಲಸದ ಕೋಣೆ ಇದ್ದರೂ ಸಾಕು. ತಲೆಗೆ 100 ವ್ಯಾಟ್ ಹಿಡಿದರೆ 2 ಕಿಲೋವ್ಯಾಟ್ ಬ್ಯಾಕಪ್, ಎರಡು ಬೇರೆ ಕಂಪನಿಯ ಫೈಬರ್, ಬಾಗಿಲು ಹಾಕಿ ಮಾತಾಡಲು ಮೂರು ಸಣ್ಣ ಗೂಡು, ರಾತ್ರಿ ಶಿಫ್ಟಿನ ಹೆಣ್ಣುಮಕ್ಕಳಿಗೆ ಕಾವಲು ಮತ್ತು ಗಾಡಿ. ಮನೆಯಲ್ಲಿ ಕೋಣೆಯಿಲ್ಲದವರಿಗೂ, ಒಂಟಿತನ ಕಾಡುವವರಿಗೂ ಇದೇ ಆಫೀಸು. ಬ್ಯಾಂಕು, ಆರೋಗ್ಯದ ದತ್ತಾಂಶ ನೋಡುವ ಪ್ರಾಜೆಕ್ಟುಗಳಿಗೆ ಕ್ಲೈಂಟ್ ಒಪ್ಪಂದವೇ ಅಡ್ಡ ಬರುವುದುಂಟು. ಅಂಥವರು ಮೊದಲೇ ಪ್ರಾಜೆಕ್ಟ್ ಬದಲಿಸಲು ಕೇಳುವುದು ಒಳ್ಳೆಯದು.

ಮ್ಯಾನೇಜರ್‌ಗೆ ಬರೆಯುವ ಮೊದಲು ಆಫರ್ ಲೆಟರ್ ತೆಗೆದು ಕೆಲಸದ ಸ್ಥಳ ಎಂದು ಏನು ಬರೆದಿದೆ ನೋಡ್ರಿ. ಬೆಂಗಳೂರು ಅಂತಿದ್ದರೆ ಮನೆಯಿಂದ ಮಾಡುವುದು ಬಾಯಿಮಾತಿನ ಸವಲತ್ತು, ಮ್ಯಾನೇಜರ್ ಬದಲಾದ ದಿನ ಅದೂ ಹೋಗುತ್ತದೆ. ಹಾಗಾಗಿ ಒಪ್ಪಿಗೆ ಮೇಲ್‌ನಲ್ಲೇ ಇರಲಿ. ಪತ್ರದಲ್ಲಿ ಆರು ತಿಂಗಳ ತಾರೀಖು ಬರೀರಿ: ಯಾವ ಯಾವ ವಾರ ಆಫೀಸು, ಯಾವ ಯಾವ ವಾರ ಊರು, ರಿಲೀಸ್ ಇರುವ ವಾರ ಎಲ್ಲಿರುತ್ತೀರಿ. ಒಂದು ತಿಂಗಳು ಎಷ್ಟು ಸಲ ಕರೆಂಟ್ ಹೋಯಿತು, ಅದರಲ್ಲಿ ಎಷ್ಟು ಸಲ ಕಾಲ್ ಕಡಿಯಿತು ಎಂದು ಬರೆದಿಟ್ಟ ಒಂದು ಹಾಳೆ ಲಗತ್ತಿಸಿರಿ. ‘ಊರಲ್ಲಿ ಲೈನ್ ಸರಿ ಇರಲ್ಲ’ ಎಂಬ ಮಾತು ಆ ಹಾಳೆಯ ಮುಂದೆ ನಿಲ್ಲುವುದಿಲ್ಲ.

ಮತ್ತು ಆಫೀಸಿನ ವಾರಗಳು 60 ದಿನ ಮೊದಲೇ ಗೊತ್ತಾಗಲಿ ಎಂದು ಅದೇ ಪತ್ರದಲ್ಲಿ ಕೇಳ್ರಿ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ ತೆರೆಯುವುದೇ 60 ದಿನ ಮೊದಲು. ಗುರುವಾರ ಸಂಜೆ ಕರೆದು ಸೋಮವಾರ ಬಾ ಅಂದರೆ, ಶನಿವಾರ ಮುಂಜಾನೆ 11ಕ್ಕೆ ಸ್ಲೀಪರ್ ತತ್ಕಾಲ್ ತೆರೆಯುವ ಹೊತ್ತಿಗೆ ಮೊಬೈಲ್ ಹಿಡಿದು ಕೂಡಬೇಕು, ರವಿವಾರದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಬರ್ತ್ ಸಿಗುತ್ತದೋ ಅಂತ.