ಆ ಆಫೀಸು ಮುಚ್ಚಿಲ್ಲ ಕಣ್ರೀ

ಭಾನುವಾರ ಊಟಕ್ಕೆ ಬಂದಿದ್ದ ಹಾಸನದ ಹುಡುಗ ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡೇ ಫೋನ್ ತೋರಿಸಿದ. ಎಂಎಸ್ ಓದಲು ಅಮೆರಿಕಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ಖಾತೆಯಲ್ಲಿ ಹತ್ತು ಡಾಲರ್ ಕಡಿಮೆ ಬಿದ್ದಿತ್ತಂತೆ. ಬ್ಯಾಂಕು ಒಂದೇ ದಿನ ಮೂರು ಸಲ ಓವರ್‌ಡ್ರಾಫ್ಟ್ ದಂಡ ಹಾಕಿದೆ. ಒಟ್ಟು 105 ಡಾಲರ್. ಅವನ ಒಂದು ತಿಂಗಳ ದಿನಸಿ ದುಡ್ಡು!

"ಸಿಎಫ್‌ಪಿಬಿಗೆ ದೂರು ಕೊಡಪ್ಪಾ" ಅಂದೆ, ಅಂದರೆ ಗ್ರಾಹಕರ ಹಣಕಾಸು ರಕ್ಷಣೆಯ ಬ್ಯೂರೋಗೆ. ಪಕ್ಕದಲ್ಲಿ ಕೂತಿದ್ದ ನಮ್ಮವರೊಬ್ಬರು, ಇಪ್ಪತ್ತು ವರ್ಷದಿಂದ ಇಲ್ಲೇ ಇರುವವರು, "ಅದನ್ನ ಮುಚ್ಚಿ ಆಯ್ತಲ್ಲ ಮೇಡಂ, ಒಳ್ಳೇದೇ ಆಯ್ತು ಬಿಡಿ" ಅಂದರು.

ಆವತ್ತಿನಿಂದ ಹೊಟ್ಟೆ ಕುದಿಯುತ್ತಿದೆ. ಮುಚ್ಚಿಲ್ಲ. ಮುಚ್ಚುವ ಅಧಿಕಾರ ಅದರ ಡೈರೆಕ್ಟರ್ ಕುರ್ಚಿಯಲ್ಲಿ ಕೂತವರಿಗೆ ಇಲ್ಲವೇ ಇಲ್ಲ.

ಊರಲ್ಲಿರುವ ಗೆಳೆಯರಿಗಾಗಿ ಹೇಳುತ್ತೇನೆ. ಬ್ಯಾಂಕು, ಕಾರ್ಡ್ ಕಂಪನಿ, ಸಾಲ ಕೊಡುವವರು ಜನರಿಗೆ ಮೋಸ ಮಾಡದಂತೆ ಕಾಯಲು ಅಮೆರಿಕದಲ್ಲಿ ಇರುವ ಸರ್ಕಾರಿ ಬ್ಯೂರೋ ಇದು. 2008ರಲ್ಲಿ ಮನೆಸಾಲದ ವ್ಯವಹಾರ ಕುಸಿದು ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು. 2010ರ ಡಾಡ್-ಫ್ರಾಂಕ್ ಕಾನೂನಿನಲ್ಲಿ ಇದು ಹುಟ್ಟಿತು. ಬ್ಯಾಂಕುಗಳ ಲಾಬಿ ಎಷ್ಟು ಗಟ್ಟಿ ಅಂತ ಕಾನೂನು ಬರೆದವರಿಗೆ ಗೊತ್ತಿತ್ತು. ಅದಕ್ಕೇ ಎರಡು ಗೋಡೆ ಕಟ್ಟಿದರು. ಡೈರೆಕ್ಟರ್‌ಗೆ ಐದು ವರ್ಷದ ಅವಧಿ, ಸುಮ್ನೆ ತೆಗೆಯುವಂತಿಲ್ಲ. ದುಡ್ಡು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನಿಂದ ಬರುತ್ತದೆ, ವರ್ಷವರ್ಷ ಸಂಸತ್ತಿನ ಮುಂದೆ ಕೈ ಚಾಚಬೇಕಿಲ್ಲ.

ಮೊದಲ ಗೋಡೆಯನ್ನು 2020ರಲ್ಲಿ ಸುಪ್ರೀಂ ಕೋರ್ಟೇ ಕೆಡವಿತು. 5-4ರ ತೀರ್ಪು. ಅಧ್ಯಕ್ಷರು ಬೇಕೆಂದಾಗ ಡೈರೆಕ್ಟರನ್ನು ತೆಗೆಯಬಹುದು ಅಂದಿತು. ಎರಡನೇ ಗೋಡೆಗೆ ಕೈ ಹಾಕಿದ್ದು, ಮುಂದಿನ ಸಂಬಳದವರೆಗೆ ಅಂತ ಭಾರಿ ಬಡ್ಡಿಗೆ ಸಾಲ ಕೊಡುವವರ ಸಂಘ. ಅದು ನಡೆಯಲಿಲ್ಲ. 2024ರ ಮೇ ತಿಂಗಳಲ್ಲಿ ಅದೇ ಕೋರ್ಟು 7-2ರಲ್ಲಿ ಈ ಹಣದ ವ್ಯವಸ್ಥೆ ಸಂವಿಧಾನಕ್ಕೆ ಸರಿಯಾಗಿದೆ ಅಂದಿತು. ತೀರ್ಪು ಬರೆದದ್ದು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಅವರನ್ನು ಎಡಪಂಥೀಯ ಅಂತ ಯಾರೂ ಕರೆಯಲಾರರು.

ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ?

2025ರ ಫೆಬ್ರವರಿಯಲ್ಲಿ ಅಧ್ಯಕ್ಷರು ಡೈರೆಕ್ಟರ್ ರೋಹಿತ್ ಚೋಪ್ರಾ ಅವರನ್ನು ತೆಗೆದರು. ಆ ಜಾಗಕ್ಕೆ ಹಂಗಾಮಿಯಾಗಿ ಬಂದ ರಸ್ಸೆಲ್ ವೋಟ್ ಎಲ್ಲ ಕೆಲಸ ನಿಲ್ಲಿಸಿ ಎಂದು ನೌಕರರಿಗೆ ಹೇಳಿದರು. ಕಚೇರಿಗೆ ಬೀಗ ಬಿತ್ತು. ಸುಮಾರು 1,700 ಜನರಲ್ಲಿ 200 ಜನರನ್ನಷ್ಟೇ ಉಳಿಸಿಕೊಳ್ಳಲು ಹೊರಟರು. ನೌಕರರ ಸಂಘ ಕೋರ್ಟಿಗೆ ಹೋಯಿತು. ನ್ಯಾಯಾಧೀಶೆ ಆಮಿ ಬರ್ಮನ್ ಜ್ಯಾಕ್ಸನ್ ತಡೆದರು. ಆಮೇಲೆ ವೋಟ್ ಕಡೆಯಿಂದ ಹೊಸ ವಾದ ಬಂತು: ಫೆಡರಲ್ ರಿಸರ್ವ್ ನಷ್ಟದಲ್ಲಿದೆ, ಗಳಿಕೆಯೇ ಇಲ್ಲದ ಮೇಲೆ ನಮಗೆ ಕೊಡಲು ದುಡ್ಡು ಎಲ್ಲಿಂದ ಬರಬೇಕು? ತನ್ನ ಮನೆಗೆ ಅಕ್ಕಿ ತರಬೇಕಾದ ಯಜಮಾನನೇ ಅಂಗಡಿಗೆ ಹೋಗುವುದಿಲ್ಲ ಎಂದು ಹಠ ಹಿಡಿದ ಹಾಗೆ. ಡಿಸೆಂಬರ್ 30ರಂದು ಅದೇ ನ್ಯಾಯಾಧೀಶೆ ಈ ವಾದ ಒಪ್ಪಲಿಲ್ಲ. ಆಮೇಲೆ 2026ರ ಜನವರಿಯಲ್ಲಿ ವೋಟ್ ಫೆಡರಲ್ ರಿಸರ್ವ್ ಹತ್ತಿರ 14.5 ಕೋಟಿ ಡಾಲರ್ ಕೇಳಿದರು.

"ಒಳ್ಳೇದೇ ಆಯ್ತು" ಅಂದ ನಮ್ಮ ಅತಿಥಿಯ ವಾದ ಇಷ್ಟು: ಚುನಾವಣೆಯಲ್ಲಿ ಗೆದ್ದು ಬರದ ಒಬ್ಬ ಡೈರೆಕ್ಟರ್ ಕೈಗೆ ಇಷ್ಟು ಅಧಿಕಾರ ಯಾಕೆ? ಕೇಳಲು ಚೆನ್ನಾಗಿದೆ. ಆದರೆ ಆ ಒಬ್ಬನನ್ನು ನೇಮಿಸುವುದು ಅಧ್ಯಕ್ಷರು, ಒಪ್ಪುವುದು ಸೆನೆಟ್. ವರ್ಷಕ್ಕೆರಡು ಸಲ ಸಂಸತ್ತಿಗೆ ಉತ್ತರ ಹೇಳಬೇಕು. ಮಾಡಿದ ನಿಯಮ ತಪ್ಪಾದರೆ ಕೋರ್ಟು ಹೊಡೆದುಹಾಕುತ್ತದೆ. ಕಟ್ಟಿಹಾಕಲು ಇನ್ನೆಷ್ಟು ಹಗ್ಗ ಬೇಕು?

ಬ್ಯೂರೋ ಬೇಡವೆಂದರೆ ಸಂಸತ್ತು ಮತ ಹಾಕಿ ಕಾನೂನನ್ನೇ ರದ್ದು ಮಾಡಲಿ. ಆ ಹುಡುಗನ ದಂಡವನ್ನೇ ನೋಡಿ. ದೊಡ್ಡ ಬ್ಯಾಂಕುಗಳ ಓವರ್‌ಡ್ರಾಫ್ಟ್ ದಂಡವನ್ನು 5 ಡಾಲರ್ ಮಟ್ಟಕ್ಕೆ ಇಳಿಸುವ ನಿಯಮವನ್ನು ಬ್ಯೂರೋ 2024ರ ಡಿಸೆಂಬರ್‌ನಲ್ಲಿ ಮಾಡಿತ್ತು. ಜಾರಿಗೆ ಬರುವ ಮೊದಲೇ ಸಂಸತ್ತು ಮತ ಹಾಕಿ ರದ್ದು ಮಾಡಿತು, 2025ರ ಮೇನಲ್ಲಿ ಅಧ್ಯಕ್ಷರು ಸಹಿ ಹಾಕಿದರು. ನನಗೆ ತುಂಬಾ ನೋವಾಯಿತು. ಆದರೆ ಅದು ಎಲ್ಲರ ಕಣ್ಣೆದುರು ಆದದ್ದು. ಯಾರು ಎತ್ತ ಮತ ಹಾಕಿದರು ಎಂದು ಹೆಸರು ಸಮೇತ ಓದಬಹುದು. ಕಾನೂನನ್ನು ಹಾಗೇ ಇಟ್ಟು, ಒಳಗಿನ ಜನರನ್ನು ಕಳಿಸಿ, ದುಡ್ಡು ಕೇಳದೆ ಸಾಯಿಸುವುದು ಬೇರೆ. ಅದಕ್ಕೆ ಯಾರೂ ಮತ ಹಾಕಿಲ್ಲ.

ನನಗೆ ಯಾಕೆ ಇಷ್ಟು ಸಿಟ್ಟು ಅಂತ ಕೆಲವರು ಕೇಳಬಹುದು. ಇದುವರೆಗೆ ಹೇಳಿಲ್ಲ, ಈಗ ಹೇಳುತ್ತೇನೆ. 2019ರಲ್ಲಿ ಅಪ್ಪನ ಆಪರೇಷನ್‌ಗೆ ಶಿವಮೊಗ್ಗಕ್ಕೆ ದುಡ್ಡು ಕಳಿಸಿದೆ. ರಸೀದಿಯಲ್ಲಿ ಇದ್ದದ್ದಕ್ಕಿಂತ ಎಷ್ಟೋ ಕಡಿಮೆ ಮುಟ್ಟಿತು. ಅಮ್ಮ ಆಸ್ಪತ್ರೆ ಕೌಂಟರ್ ಮುಂದೆ ನಿಂತಿದ್ದಾರೆ, ನಾನು ಇಲ್ಲಿ ಫೋನ್ ಹಿಡಿದು ಅಳುತ್ತಿದ್ದೇನೆ. ಹನ್ನೊಂದು ಸಲ ಕಾಲ್ ಮಾಡಿದರೂ ಒಂದೇ ಉತ್ತರ. ಕಳಿಸುವ ಮೊದಲೇ ದರ, ಶುಲ್ಕ, ಅಲ್ಲಿ ಎಷ್ಟು ಕೈಗೆ ಸಿಗುತ್ತದೆ ಎಂದು ಬರೆದು ಕೊಡಬೇಕು ಎಂಬ ನಿಯಮ ಇದೇ ಬ್ಯೂರೋದ್ದು, 2013ರಿಂದ ಇದೆ. ನನ್ನ ಕೈಯಲ್ಲಿ ಆ ರಸೀದಿ ಇತ್ತು. ಬ್ಯೂರೋಗೆ ದೂರು ಹಾಕಿದ ಒಂಬತ್ತನೇ ದಿನ ಉಳಿದ ದುಡ್ಡು ಬಂತು. ನಾವು ಊರಿಗೆ ದುಡ್ಡು ಕಳಿಸುವಾಗಲೆಲ್ಲ ಆ ಚೀಟಿ ನಮ್ಮ ಕೈಗೆ ಬರುತ್ತದೆ. ಅದು ಎಲ್ಲಿಂದ ಬಂತು ಅಂತ ಎಷ್ಟು ಜನರಿಗೆ ಗೊತ್ತು?

ಭಾನುವಾರ ಊಟವಾದ ಮೇಲೆ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರು ತುಂಬಿಸಿದೆ. ನಂಬರ್ ಬಂದಿದೆ. ಕಂಪನಿ ಸಾಮಾನ್ಯವಾಗಿ 15 ದಿನದಲ್ಲಿ ಉತ್ತರ ಕೊಡಬೇಕು. ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಇವತ್ತಿಗೆ ನಾಲ್ಕು ದಿನ.